ಪ್ರದಾನ ಬೇರೆ, ಪ್ರಧಾನ ಬೇರೆ

ಸಂಪಾದಕರಿಗೆ ನಮಸ್ಕಾರ.

ಬೆಳಿಗ್ಗೆ ಮನೆಗೆ ಬರುವ ಪೇಪರಿನಲ್ಲಿ ಕಾಗುಣಿತ ತಪ್ಪು ಸಿಗುವುದು ಅಪರೂಪ. ಫೋನಿನಲ್ಲಿ ಬರುವ ಕನ್ನಡ ಸುದ್ದಿ ಹಾಗಿಲ್ಲ. ತಲೆಬರಹದಲ್ಲೇ ತಪ್ಪು ಇರುತ್ತದೆ, ಸಂಜೆಯಾದರೂ ಹಾಗೇ ಇರುತ್ತದೆ. ಒಂದು ಸಂಸ್ಥೆಯನ್ನು ಹಿಡಿದು ಹೇಳುತ್ತಿಲ್ಲ, ನಾನು ನೋಡುವ ಹೆಚ್ಚಿನ ಸುದ್ದಿತಾಣಗಳ ಕತೆ ಇದೇ.

ನನಗೆ ಜಾಸ್ತಿ ಬೇಜಾರು ತರಿಸುವುದು ಒಂದು ಜಾತಿಯ ತಪ್ಪು. ಬೆರಳು ಜಾರಿ ಆದ ತಪ್ಪಲ್ಲ, ಅದು ಓದಿದ ಕೂಡಲೇ ಗೊತ್ತಾಗುತ್ತದೆ. ಕಂಪ್ಯೂಟರಿನ ಹಳೆಯ ನುಡಿ ಫಾಂಟಿನ ಮ್ಯಾಟರನ್ನು ಈಗ ಫೋನು, ವೆಬ್‌ಸೈಟುಗಳಲ್ಲಿ ಬಳಸುವ ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು, ಅದೂ ಕಣ್ಣಿಗೆ ಕಾಣುತ್ತದೆ. ನಾನು ಹೇಳುತ್ತಿರುವುದು ತಪ್ಪಾಗಿ ಬರೆದ ಪದವೂ ಒಂದು ನಿಜವಾದ ಪದವೇ ಆಗಿರುವ ಕಡೆ. ಅಂಥದ್ದನ್ನು ಸ್ಪೆಲ್‌ಚೆಕ್ ಹಿಡಿಯುವುದಿಲ್ಲ, ಅವಸರದಲ್ಲಿ ಓದುವ ಕಣ್ಣೂ ಹಿಡಿಯುವುದಿಲ್ಲ.

ನವೆಂಬರ್ ಬಂದರೆ ರಾಜ್ಯೋತ್ಸವ ಪ್ರಶಸ್ತಿಯ ಸುದ್ದಿಗಳು ಶುರು. 'ಪ್ರಶಸ್ತಿ ಪ್ರಧಾನ ಸಮಾರಂಭ' ಎಂದು ಎಷ್ಟು ಕಡೆ ಬರುತ್ತದೆ ನೋಡಿ. ಪ್ರದಾನ ಎಂದರೆ ಕೊಡುವುದು. ಪ್ರಧಾನ ಎಂದರೆ ಮುಖ್ಯವಾದದ್ದು. ಮದ್ಯ ಎಂದರೆ ಹೆಂಡ, ಮಧ್ಯ ಎಂದರೆ ನಡು. ಆದರೂ 'ಮಧ್ಯಪಾನ ಮಾಡಿ ವಾಹನ ಚಾಲನೆ' ಎಂದು ಬರೆಯುತ್ತಾರೆ, 'ಮದ್ಯರಾತ್ರಿ ಅಪಘಾತ' ಎಂದೂ ಬರೆಯುತ್ತಾರೆ. ಧನ ದುಡ್ಡು, ದನ ಹಸು-ಎತ್ತು. ಸಿಡಿಲು ಬಡಿದು ದನ ಸತ್ತ ರೈತನಿಗೆ ಪರಿಹಾರ ಧನ ಸಿಕ್ಕಿತು ಎನ್ನುವ ಸುದ್ದಿಯಲ್ಲಿ ಎರಡು ಪದವೂ ಬರುತ್ತವೆ, ಅಲ್ಲಿ ಅದಲುಬದಲಾದರೆ ಓದುವವನು ಏನು ತಿಳಿದುಕೊಳ್ಳಬೇಕು?

ಇದೆಲ್ಲ ಮಹಾಪ್ರಾಣದ ಗೊಂದಲ. ಲ ಮತ್ತು ಳ ಅದಲುಬದಲಾದರೂ ಇಷ್ಟೇ ಕೆಡುತ್ತದೆ. ಹಳ್ಳಿ ಹಲ್ಲಿಯಾಗುತ್ತದೆ, ಬೆಳೆ ಬೆಲೆಯಾಗುತ್ತದೆ, ಕೊಳ್ಳುವುದು ಕೊಲ್ಲುವುದಾಗುತ್ತದೆ. ಟೊಮೆಟೊ ಸುದ್ದಿಯಲ್ಲಿ ಬೆಳೆ ಕುಸಿಯಿತೋ ಬೆಲೆ ಕುಸಿಯಿತೋ ಎನ್ನುವುದು ಕೋಲಾರದ ರೈತನಿಗೆ ಸಣ್ಣ ವಿಷಯ ಅಲ್ಲ.

ಇನ್ನೊಂದು ಗೃಹ ಮತ್ತು ಗ್ರಹ. ಗೃಹ ಎಂದರೆ ಮನೆ, ಗ್ರಹ ಎಂದರೆ ಶನಿ, ಮಂಗಳ. ರಾಜ್ಯ ಸರ್ಕಾರ 2023ರಲ್ಲಿ ಗೃಹಲಕ್ಷ್ಮಿ ಮತ್ತು ಗೃಹಜ್ಯೋತಿ ಯೋಜನೆ ತಂದ ಮೇಲೆ ಈ ಪದ ಪ್ರತಿ ಮನೆಗೂ ಬಂತು. ಗೃಹಲಕ್ಷ್ಮಿ ತಿಂಗಳಿಗೆ 2000 ರೂಪಾಯಿ ಬರುವ ಯೋಜನೆ, ಹಣ ಯಾವಾಗ ಜಮೆಯಾಗುತ್ತದೆ ಎಂದು ಹೆಂಗಸರು ಫೋನಿನಲ್ಲಿ ಹುಡುಕುತ್ತಲೇ ಇರುತ್ತಾರೆ. ಸುದ್ದಿತಾಣಗಳಲ್ಲೇ ಅದು 'ಗ್ರಹಲಕ್ಷ್ಮಿ' ಎಂದೂ ಬರುತ್ತದೆ. ಸರಿಯಾಗಿ ಬರೆದ ಒಂದು ರಾಶಿ ಸುದ್ದಿ, ತಪ್ಪಾಗಿ ಬರೆದ ಇನ್ನೊಂದು ರಾಶಿ ಸುದ್ದಿ. ಇವತ್ತಲ್ಲದಿದ್ದರೂ ಹತ್ತು ವರ್ಷ ಬಿಟ್ಟು ಯಾರಾದರೂ ಹಳೆಯ ಸುದ್ದಿ ಹುಡುಕಿದರೆ ಅರ್ಧ ಅವರ ಕಣ್ಣಿಗೇ ಬೀಳದೆ ಹೋಗಬಹುದು.

ಇಂಗ್ಲಿಷ್ ಬರೆಯುವವರಿಗೂ ಈ ಗೋಳು ಇದೆ. ಅಲ್ಲಿ 'ದೇರ್' ಎನ್ನುವ ಒಂದೇ ಉಚ್ಚಾರಕ್ಕೆ ಮೂರು ಸ್ಪೆಲಿಂಗ್, ಮೂರಕ್ಕೂ ಬೇರೆ ಬೇರೆ ಅರ್ಥ. ಒಂದರ ಜಾಗದಲ್ಲಿ ಇನ್ನೊಂದು ಬರೆದು ಬೈಸಿಕೊಳ್ಳುವವರು ಲೆಕ್ಕವಿಲ್ಲ. ಅಲ್ಲಿ ಉಚ್ಚಾರಕ್ಕೂ ಬರವಣಿಗೆಗೂ ತಾಳ ಇಲ್ಲ, ಆದ್ದರಿಂದ ಅರ್ಥವಾಗುತ್ತದೆ. ಬರೆದ ಹಾಗೆ ಓದುವ ಲಿಪಿ ಇರುವ ನಮಗೆ ಯಾಕೆ ಹೀಗಾಗುತ್ತಿದೆ?

ಮೊದಲನೆಯದು, ದಿನದ ಮಾತಿನಲ್ಲಿ ನಮ್ಮಲ್ಲಿ ಬಹಳ ಜನ ದ ಮತ್ತು ಧ ಬೇರೆ ಮಾಡಿ ಹೇಳುವುದಿಲ್ಲ. ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ಇಲ್ಲವೆನ್ನುವಷ್ಟು ಕಡಿಮೆ, ಅವು ಹೆಚ್ಚಾಗಿ ಸಂಸ್ಕೃತದಿಂದ ಬಂದ ಪದಗಳ ಜೊತೆ ಬಂದವು. ಅದಕ್ಕೇ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡ ಬರಹದಲ್ಲಿ ಮಹಾಪ್ರಾಣವನ್ನೇ ಬಿಡೋಣ ಎಂದು ವಾದಿಸಿದರು. ನಾನು ಅದನ್ನು ಒಪ್ಪುವುದಿಲ್ಲ, ಆದರೆ ಆ ವಾದಕ್ಕೆ ಒಂದು ಕ್ರಮ ಇದೆ, ಬಿಟ್ಟರೆ ಎಲ್ಲ ಕಡೆ ಬಿಡಬೇಕು. ಈಗ ನಡೆಯುತ್ತಿರುವುದು ಅದಲ್ಲ. ಬೇಕಾದ ಕಡೆ ಬಿಟ್ಟು ಬೇಡದ ಕಡೆ ಸೇರಿಸುತ್ತಿದ್ದಾರೆ. ವಿದ್ಯಾರ್ಥಿ 'ವಿಧ್ಯಾರ್ಥಿ' ಆಗುತ್ತಾನೆ, ಹಾರ್ದಿಕ 'ಹಾರ್ಧಿಕ' ಆಗುತ್ತದೆ. ಸಂಬಂಧ ಎನ್ನುವುದನ್ನು 'ಸಂಭಂದ' ಎಂದು ಬರೆದವರಿಗೆ ಆ ಪದದಲ್ಲಿ ಎಲ್ಲೋ ಒಂದು ಮಹಾಪ್ರಾಣ ಇದೆ ಎನ್ನುವುದು ನೆನಪಿದೆ, ಎಲ್ಲಿ ಎನ್ನುವುದು ಮರೆತಿದೆ. ಬಿಡುವ ಆಸೆ ಜನರಿಗೆ ಇಲ್ಲ ಅಂತ ನನಗೆ ಅನಿಸುವುದು ಇದರಿಂದಲೇ. ಸರಿಯಾಗಿ ಬರೆಯಬೇಕು ಎನ್ನುವ ಆಸೆ ಇದೆ, ನೋಡಿ ಕಲಿಯುವುದಕ್ಕೆ ಸರಿಯಾದ ಬರಹ ಕಣ್ಣಿಗೆ ಬೀಳುತ್ತಿಲ್ಲ.

ಎರಡನೆಯದು ಕೀಬೋರ್ಡ್. ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಟೈಪ್ ಮಾಡುವವರಿಗೆ ದ ಬೇಕಾದರೆ ಡಿ ಕೀಲಿ, ಧ ಬೇಕಾದರೆ ಶಿಫ್ಟ್ ಹಿಡಿದು ಅದೇ ಕೀಲಿ. ಪ್ರತಿ ಅಕ್ಷರಕ್ಕೂ ಯಾವುದು ಬೇಕು ಎಂದು ಕೈ ತೀರ್ಮಾನ ಮಾಡಲೇಬೇಕು. ಫೋನಿನಲ್ಲಿ ಬಹಳ ಜನ ಇಂಗ್ಲಿಷ್ ಅಕ್ಷರ ಒತ್ತುತ್ತಾರೆ, ಮೇಲೆ ನಾಲ್ಕಾರು ಕನ್ನಡ ಪದ ಬರುತ್ತವೆ, ಮೊದಲು ಕಂಡದ್ದನ್ನು ಮುಟ್ಟಿ ಮುಂದೆ ಹೋಗುತ್ತಾರೆ. ಯಾವ ಪದ ಎಂದು ತೀರ್ಮಾನಿಸುವುದು ಈಗ ಫೋನು. ಬಾಯಲ್ಲಿ ಹೇಳಿ ಟೈಪ್ ಮಾಡಿಸಿದರೂ ಅಷ್ಟೇ, ನಾವು ಧ ಎಂದು ಒತ್ತಿ ಹೇಳದಿದ್ದರೆ ಪಾಪ ಅದು ಎಲ್ಲಿಂದ ಬರೆಯಬೇಕು?

ಸಾಮಾನ್ಯ ಜನ ಬರೆಯುವ ಸಂದೇಶ, ಕಾಮೆಂಟು ತಿದ್ದುವುದು ನನ್ನ ಉದ್ದೇಶ ಅಲ್ಲ. ನಮ್ಮ ಹಾಸನ, ಮಂಡ್ಯದ ಕಡೆ ಮಾತಿನಲ್ಲಿ ಹಾಲು ಆಲಾಗುತ್ತದೆ, ಹಾಡು ಆಡಾಗುತ್ತದೆ. ಅದು ನಮ್ಮ ಊರಿನ ಮಾತು. ಅದನ್ನು ಹಿಡಿದು ಗೇಲಿ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ಸುದ್ದಿ ಬರೆಯುವುದನ್ನೇ ಕೆಲಸ ಮಾಡಿಕೊಂಡವರ ವಿಷಯ ಬೇರೆ.

ಯಾಕೆ ಬೇರೆ ಅಂದರೆ, ಹಾಸನದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಸನ್ಮಾನ ಪತ್ರ ಮಾಡುತ್ತೇನೆ. ಮೊದಲು ಮ್ಯಾಟರನ್ನು ಹಾಳೆಯಲ್ಲಿ ಬರೆದು ತರುತ್ತಿದ್ದರು, ತಪ್ಪಿದ್ದರೆ ತಿದ್ದಿ ಪ್ರೂಫ್ ತೋರಿಸಿದರೆ ಖುಷಿಪಡುತ್ತಿದ್ದರು. ಈಗ ವಾಟ್ಸಾಪ್‌ನಲ್ಲಿ ಬರುತ್ತದೆ. 'ಗ್ರಹಪ್ರವೇಶ' ಎಂದು ಇದ್ದದ್ದನ್ನು ಗೃಹಪ್ರವೇಶ ಮಾಡಿದರೆ ವಾದಕ್ಕೆ ನಿಲ್ಲುತ್ತಾರೆ. "ಅಣ್ಣ, ನೆಟ್ಟಲ್ಲಿ ಹಂಗೇ ಐತೆ ನೋಡಿ, ಪೇಪರ್‌ನವರೇ ಹಾಕವ್ರೆ" ಎಂದು ಫೋನು ತೋರಿಸುತ್ತಾರೆ. ನಿಜವಾಗಿಯೂ ಹಾಗೇ ಇರುತ್ತದೆ. ಸುದ್ದಿತಾಣದಲ್ಲಿ ಬಂದದ್ದನ್ನು ಅವರು ನಂಬಿದ್ದಾರೆ, ನಂಬಿದ್ದು ತಪ್ಪು ಅಂತ ನಾನು ಹೇಗೆ ಹೇಳಲಿ? ಒಂದು ತಲೆಬರಹದ ತಪ್ಪು ಹೀಗೆ ಊರೂರಿನ ಆಹ್ವಾನ ಪತ್ರಿಕೆಗೆ, ಶಾಲೆಯ ಫಲಕಕ್ಕೆ, ದೇವಸ್ಥಾನದ ಕಲ್ಲಿಗೆ ಹೋಗಿ ಕೂರುತ್ತದೆ.

ನೋಡಲಾಗದೆ ಕೇಳಿಸಿಕೊಂಡೇ ಸುದ್ದಿ ತಿಳಿಯುವವರೂ ಇದ್ದಾರೆ. ಕಣ್ಣು ಕಾಣದವರಿಗೆ ಫೋನು ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಅದು ಬರೆದದ್ದನ್ನು ಬರೆದ ಹಾಗೆ ಓದುತ್ತದೆ. ಬೆಳೆ ಹಾಳಾಯಿತು ಎನ್ನುವ ಕಡೆ 'ಬೆಲೆ ಹಾಲಾಯಿತು' ಎಂದಿದ್ದರೆ ಅವರಿಗೆ ಅದೇ ಕೇಳಿಸುತ್ತದೆ.

ತಿದ್ದಿಕೊಳ್ಳುವುದಕ್ಕೆ ಸಾಧನ ಇಲ್ಲ ಎನ್ನುವ ಹಾಗಿಲ್ಲ. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ಓದುಗರ ಪದದ ಅನುಮಾನಗಳಿಗೆ ದಿನಪತ್ರಿಕೆಯಲ್ಲೇ ವರ್ಷಗಟ್ಟಲೆ ಉತ್ತರ ಬರೆದರು. ವಿ. ಕೃಷ್ಣ ಅವರು ಕಟ್ಟಿದ ಅಲರ್ ನಿಘಂಟು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅನುಮಾನ ಬಂದ ಪದ ಅಲ್ಲಿ ನೋಡಲು ಒಂದು ನಿಮಿಷ ಸಾಕು. ತೊಂದರೆ ಇರುವುದು ಅನುಮಾನವೇ ಬಾರದೆ ಇರುವುದರಲ್ಲಿ, ಅದಕ್ಕೇ ಎರಡನೆಯ ಕಣ್ಣು ಬೇಕು.

ಅಚ್ಚಿಗೆ ಹೋಗುವ ಪುಟವನ್ನು ಕರಡು ನೋಡುವವರಿಗೆ ತೋರಿಸುವ ಹಾಗೆ ವೆಬ್‌ಸೈಟಿನ ಸುದ್ದಿಯನ್ನೂ ತೋರಿಸಿ. ಎಲ್ಲರಿಗಿಂತ ಮೊದಲು ಸುದ್ದಿ ಹಾಕಬೇಕು ಎನ್ನುವ ಅವಸರ ನನಗೂ ಅರ್ಥವಾಗುತ್ತದೆ, ಹಾಗಾಗಿ ಇಡೀ ಸುದ್ದಿ ಆಗದಿದ್ದರೆ ತಲೆಬರಹವಾದರೂ ನೋಡಲಿ. ಪದೇ ಪದೇ ಅದಲುಬದಲಾಗುವ ಪದಗಳ ಒಂದು ಪಟ್ಟಿ ಮಾಡಿ ಡೆಸ್ಕಿನಲ್ಲಿ ಅಂಟಿಸಿದರೆ ಅರ್ಧ ಕೆಲಸ ಆಯಿತು. ಓದುಗರು ತಪ್ಪು ತೋರಿಸಲು ಪ್ರತಿ ಸುದ್ದಿಯ ಕೆಳಗೆ ಒಂದು ಇಮೇಲ್ ವಿಳಾಸ ಕೊಡಿ, ನಾನಂತೂ ಬರೆಯುತ್ತೇನೆ. ಮತ್ತೆ, ಫೋಟೊ ಮೇಲೆ ದೊಡ್ಡ ಅಕ್ಷರದಲ್ಲಿ ಸುದ್ದಿ ಬರೆದು ಹಂಚುವ ಕಾರ್ಡುಗಳಿವೆಯಲ್ಲ, ಅವನ್ನು ಎಲ್ಲಕ್ಕಿಂತ ಮೊದಲು ನೋಡಿಸಿ. ವೆಬ್‌ಸೈಟಿನ ತಪ್ಪನ್ನು ಆಮೇಲೆ ತಿದ್ದಬಹುದು, ವಾಟ್ಸಾಪ್‌ಗೆ ಹೋದ ಫೋಟೊವನ್ನು ತಿದ್ದಲು ಆಗುವುದಿಲ್ಲ.

— ಡಿಟಿಪಿ ಅಂಗಡಿಯ ಓದುಗ, ಹಾಸನ