ಹಳೆಯ ಅನಿಮೆ ಡಿಸ್ಕುಗಳಿಗೆ ಗ್ರಂಥಾಲಯದಲ್ಲಿ ಒಂದು ಕಪಾಟು ಬೇಕು

ಮಾನ್ಯ ಸಂಪಾದಕರಿಗೆ ವಂದನೆಗಳು.

ಈಗಿನ ಮಕ್ಕಳು ‘ಅನಿಮೆ’ ಎಂದು ಕರೆಯುವ ಜಪಾನಿನ ಅನಿಮೇಷನ್ ಚಿತ್ರಗಳಿಗೆ ನಮ್ಮ ಕರಾವಳಿಯಲ್ಲೂ ಸಾಕಷ್ಟು ಪ್ರೇಕ್ಷಕರಿದ್ದಾರೆ. ಹಳೆಯ ಚಿತ್ರಗಳ ಪ್ರಸ್ತಾಪ ಬಂದಾಗ ಮಾತ್ರ ‘ಎಲ್ಲವೂ ಒಟಿಟಿಯಲ್ಲಿ ಸಿಗುವಾಗ ಡಿವಿಡಿ ಯಾಕೆ?’ ಎಂಬ ಪ್ರಶ್ನೆ ಏಳುತ್ತದೆ. ಮನೆ ಬದಲಿಸುವಾಗಲೋ ಗೋಡೆಗೆ ಬಣ್ಣ ಬಳಿಸುವಾಗಲೋ ಡಿಸ್ಕುಗಳ ಕಟ್ಟು ನೇರವಾಗಿ ಗುಜರಿ ಅಂಗಡಿಯ ದಾರಿ ಹಿಡಿಯುತ್ತದೆ. ಹಾಗೆ ಹೋಗುವ ಡಿಸ್ಕುಗಳಲ್ಲಿ ಬೇರೆಲ್ಲೂ ಸುಲಭವಾಗಿ ಸಿಗದ ಚಿತ್ರಗಳಿರಬಹುದು. ಅವನ್ನು ಉಳಿಸಿಕೊಂಡು ಎರವಲು ಕೊಡುವ ಕೆಲಸವನ್ನು ನಮ್ಮ ಸಾರ್ವಜನಿಕ ಗ್ರಂಥಾಲಯಗಳು ಕಾನೂನಿನ ಚೌಕಟ್ಟಿನೊಳಗೇ ಮಾಡಬಹುದೆಂದು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ.

ಒಟಿಟಿಯಿಂದ ಉಪಕಾರವಾಗಿಲ್ಲವೆಂದು ನಾನು ಹೇಳುವುದಿಲ್ಲ. 2020ರ ಫೆಬ್ರುವರಿಯಿಂದ ಜಪಾನಿನ ಹೆಸರಾಂತ ಅನಿಮೇಷನ್ ಸಂಸ್ಥೆ ಸ್ಟುಡಿಯೊ ಜಿಬ್ಲಿಯ ಚಿತ್ರಗಳು ಕಂತುಕಂತಾಗಿ ನೆಟ್‌ಫ್ಲಿಕ್ಸಿಗೆ ಬಂದಾಗ ನನ್ನಂಥವರ ಹಲವು ವರ್ಷಗಳ ಹುಡುಕಾಟ ಒಮ್ಮೆಗೇ ಹಗುರಾಯಿತು. ಅದಕ್ಕೆ ಮೊದಲು ಅದೇ ಸಂಸ್ಥೆಯ ನಿರ್ದೇಶಕ ಇಸಾವೊ ತಕಹಾತಾ ಅವರ ‘ಓನ್ಲಿ ಯೆಸ್ಟರ್‌ಡೇ’ಯಂಥ ಚಿತ್ರವನ್ನು ನೋಡಬೇಕಾದರೆ ಬ್ರಿಟನ್ನಿನಲ್ಲಿ 2006ರಲ್ಲಿ ಬಂದ ಡಿವಿಡಿಯನ್ನೋ ಜಪಾನಿನ ಡಿಸ್ಕನ್ನೋ ತರಿಸಿಕೊಳ್ಳಬೇಕಾಗಿತ್ತು. 1991ರ ಆ ಚಿತ್ರ ಅಮೆರಿಕದ ಮಾರುಕಟ್ಟೆಗೆ ಬಂದದ್ದೇ 2016ರಲ್ಲಿ. ಆದರೆ ಒಟಿಟಿಯ ಪರವಾನಗಿ ಅವಧಿಗೆ ಒಳಪಟ್ಟದ್ದು, ದೇಶದಿಂದ ದೇಶಕ್ಕೆ ಬೇರೆಯಾಗುವಂಥದ್ದು. ಇಂದು ಪಟ್ಟಿಯಲ್ಲಿರುವ ಚಿತ್ರ ಒಪ್ಪಂದ ಮುಗಿದ ಮರುದಿನ ಇರಬೇಕೆಂದಿಲ್ಲ. ಹಕ್ಕುದಾರರ ಕಣ್ಣಿಗೆ ಲಾಭದ್ದೆಂದು ಕಾಣದ ಚಿತ್ರ ಪಟ್ಟಿಗೆ ಸೇರುವುದೇ ಇಲ್ಲ. ಮಮೊರು ಒಶೀ ಅವರ ‘ಏಂಜಲ್ಸ್ ಎಗ್’ 1985ರಲ್ಲಿ ಬಂದ ಚಿತ್ರ. 2025ರ ಕಾನ್ ಚಿತ್ರೋತ್ಸವದಲ್ಲಿ ಅದರ 4ಕೆ (ಅತಿ ಸ್ಪಷ್ಟ ಚಿತ್ರದ) ಪುನರುಜ್ಜೀವಿತ ಪ್ರತಿ ಪ್ರದರ್ಶನಗೊಳ್ಳುವವರೆಗೆ, ಸುಮಾರು ನಲವತ್ತು ವರ್ಷ, ಅದನ್ನು ನೋಡಬೇಕೆಂದವರು ಬಹುಮಟ್ಟಿಗೆ ಜಪಾನಿನ ಟೇಪು ಮತ್ತು ಡಿಸ್ಕುಗಳನ್ನೇ ನೆಚ್ಚಿಕೊಂಡಿದ್ದರು.

ನಮಗೆ ಹತ್ತಿರದ ಉದಾಹರಣೆಯೆಂದರೆ ಯುಗೊ ಸಾಕೊ, ರಾಮ್ ಮೋಹನ್ ಮತ್ತು ಕೊಯಿಚಿ ಸಸಾಕಿ ನಿರ್ದೇಶಿಸಿದ, ಭಾರತ ಮತ್ತು ಜಪಾನಿನ ಕಲಾವಿದರು ಸೇರಿ ರೂಪಿಸಿದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’. ವನರಾಜ್ ಭಾಟಿಯಾ ಅವರ ಸಂಗೀತವಿರುವ, ಸಂಸ್ಕೃತದ ಹಾಡುಗಳಿರುವ ಈ ಚಿತ್ರ 1993ರಲ್ಲಿ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತ್ತು. ಆದರೆ ನಮ್ಮಲ್ಲಿ ಹೆಚ್ಚಿನವರು ಅದನ್ನು ಕಂಡದ್ದು ಶಾಲೆಗೆ ರಜೆಯಿದ್ದ ದಿನಗಳಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿಯಲ್ಲಿ. ಹಿಂದಿ ಅವತರಣಿಕೆಯಲ್ಲಿ ರಾಮನಿಗೆ ಅರುಣ್ ಗೋವಿಲ್, ರಾವಣನಿಗೆ ಅಮರೀಶ್ ಪುರಿ ದನಿ ನೀಡಿದ್ದರು. 2025ರ ಜನವರಿ 24ರಂದು ಇದೇ ಚಿತ್ರ 4ಕೆ ರೂಪದಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂತು. ಇಂಗ್ಲಿಷಿನೊಂದಿಗೆ ಹಿಂದಿ, ತಮಿಳು, ತೆಲುಗು ಇದ್ದವು, ಕನ್ನಡ ಇರಲಿಲ್ಲ. (ರಾಮಾಯಣದ ಪ್ರಸಂಗಗಳನ್ನು ಬಯಲಾಟದಲ್ಲಿ ರಾತ್ರಿಯಿಡೀ ಕೂತು ನೋಡುವ ನಮ್ಮ ಜಿಲ್ಲೆಗಳಿಗೆ ಇದು ಸ್ವಲ್ಪ ವಿಚಿತ್ರವೆನಿಸದೇ ಇರದು.) ಹೊಸ ಡಬ್ಬಿಂಗ್ ಬಂದಾಗ ಹಳೆಯ ದನಿಗಳು ಹಿಂದೆ ಸರಿಯುತ್ತವೆ. ಅಮರೀಶ್ ಪುರಿಯವರ ರಾವಣನೇ ಬೇಕೆಂದು ಕೇಳುವವರು ಯಾರೋ ಜೋಪಾನ ಮಾಡಿದ ಹಳೆಯ ಪ್ರತಿಯನ್ನೇ ಹುಡುಕಬೇಕಾಗುತ್ತದೆ.

ಹುಡುಕುವುದೂ ಸುಲಭವಲ್ಲ, ಏಕೆಂದರೆ ಒಂದೇ ಚಿತ್ರ ಒಂದೊಂದು ದೇಶದಲ್ಲಿ ಒಂದೊಂದು ಹೆಸರಿನಿಂದ ಮಾರಾಟವಾಗಿರುತ್ತದೆ. ಮೇಲೆ ಹೇಳಿದ ರಾಮಾಯಣವೇ ಅಮೆರಿಕದಲ್ಲಿ ‘ಪ್ರಿನ್ಸ್ ಆಫ್ ಲೈಟ್’ ಎಂಬ ಹೆಸರಿನಲ್ಲಿ, ಜೇಮ್ಸ್ ಅರ್ಲ್ ಜೋನ್ಸ್ ಅವರ ನಿರೂಪಣೆಯೊಂದಿಗೆ ಬಂದಿತ್ತು. ಹಯಾವೊ ಮಿಯಾಜಾಕಿ ಅವರ ‘ನೌಸಿಕಾ’ ಚಿತ್ರದಿಂದ 20 ನಿಮಿಷಕ್ಕೂ ಹೆಚ್ಚು ಭಾಗವನ್ನು ಕತ್ತರಿಸಿ 1985ರಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿದ ಅವತರಣಿಕೆಯ ಹೆಸರು ‘ವಾರಿಯರ್ಸ್ ಆಫ್ ದ ವಿಂಡ್’. ಆದ್ದರಿಂದ ಅನುಭವಸ್ಥರು ಹೆಸರನ್ನು ನಂಬದೆ, ಡಬ್ಬಿಯ ಬೆನ್ನಿನ ಮೇಲೆ ಮುದ್ರಿತವಾದ ಕ್ಯಾಟಲಾಗ್ ಸಂಖ್ಯೆಯನ್ನೂ ಹಿಂಬದಿಯ ಬಾರ್‌ಕೋಡನ್ನೂ ಗುರುತಿಸಿಟ್ಟು ಹುಡುಕುತ್ತಾರೆ. ಜಪಾನಿನ ಬಾರ್‌ಕೋಡುಗಳು 45 ಅಥವಾ 49ರಿಂದ ಆರಂಭವಾಗುತ್ತವೆ. ಜಪಾನಿನ ಬಾಡಿಗೆ ಅಂಗಡಿಗಳು ವಿಲೇವಾರಿ ಮಾಡಿದ ಡಿಸ್ಕುಗಳು ಅಗ್ಗವಾಗಿ ಸಿಗುತ್ತವೆ, ಆದರೆ ಅವುಗಳ ಮೈತುಂಬ ಅಂಗಡಿಯ ಚೀಟಿಗಳು ಅಂಟಿರುತ್ತವೆ. ಅಂಚೆವೆಚ್ಚ ಮತ್ತು ಕಸ್ಟಮ್ಸ್ ಸುಂಕ ಸೇರಿದಾಗ ಆ ಅಗ್ಗ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ.

ಡಿಸ್ಕು ಮನೆಗೆ ಬಂದ ಮೇಲೆ ಮುಂದಿನ ತೊಡಕು ರೀಜನ್ ಕೋಡಿನದು, ಎಂದರೆ ಯಾವ ಪ್ರದೇಶದ ಪ್ಲೇಯರಿನಲ್ಲಿ ಡಿಸ್ಕು ಓಡಬೇಕೆಂದು ಅದರಲ್ಲೇ ಹಾಕಿರುವ ಗುರುತಿನದು. ಡಿವಿಡಿಯ ಲೆಕ್ಕದಲ್ಲಿ ಅಮೆರಿಕ 1, ಜಪಾನ್ ಮತ್ತು ಯುರೋಪು 2, ಭಾರತ 5. ಡಿವಿಡಿಯ ನಂತರ ಬಂದ ಬ್ಲೂ-ರೇ ಡಿಸ್ಕಿನಲ್ಲಿ ಅಮೆರಿಕ ಮತ್ತು ಜಪಾನ್ ಒಂದೇ ‘ಎ’ ಗುಂಪಿನಲ್ಲಿದ್ದರೆ ನಾವು ‘ಸಿ’ ಗುಂಪಿನಲ್ಲಿದ್ದೇವೆ. ಎಂದರೆ ಇಲ್ಲಿ ಕೊಂಡ ಪ್ಲೇಯರಿನಲ್ಲಿ ಅಲ್ಲಿಂದ ತರಿಸಿದ, ಕೋಡ್ ಹಾಕಿದ ಡಿಸ್ಕು ಓಡುವುದಿಲ್ಲ. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ರೀಜನ್ ಬದಲಿಸಬಹುದಾದರೂ ಐದು ಸಲಕ್ಕೆ ಅದು ನಿಂತುಬಿಡುತ್ತದೆ; ಕೊನೆಯ ಬಾರಿ ಯಾವುದನ್ನು ಆರಿಸಿದ್ದೀರೋ ಅದೇ ಕಾಯಂ. ಸಾಮಾನ್ಯ ಡಿವಿಡಿ ಪ್ಲೇಯರುಗಳ ಪೈಕಿ ಅನೇಕವನ್ನು ರಿಮೋಟಿನ ಗುಂಡಿಗಳನ್ನು ನಿರ್ದಿಷ್ಟ ಕ್ರಮದಲ್ಲಿ ಒತ್ತಿ ಎಲ್ಲ ರೀಜನ್‌ಗಳಿಗೆ ತೆರೆಯಬಹುದೆಂಬುದು ಒಂದು ಸಮಾಧಾನ. ಯುರೋಪಿನ ಡಿವಿಡಿಗಳು ನಮ್ಮ ಹಳೆಯ ಟಿವಿಗಳಂತೆಯೇ ಪಾಲ್ ಎಂಬ ಟಿವಿ ಪದ್ಧತಿಯವು. ಆದರೆ ಅದರಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳ ಸಿನಿಮಾವನ್ನು 25ಕ್ಕೆ ಏರಿಸಿ ಓಡಿಸುವುದರಿಂದ 100 ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ, ಸಂಗೀತದ ಶ್ರುತಿಯೂ ತುಸು ಏರುತ್ತದೆ. ಕಿವಿ ಸೂಕ್ಷ್ಮವಿರುವವರು ಇದಕ್ಕಾಗಿಯೇ ಜಪಾನಿನ ಪ್ರತಿಯ ಬೆನ್ನು ಹತ್ತುತ್ತಾರೆ. ಅಲ್ಲಿಯ ಡಿಸ್ಕುಗಳಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇರುವುದು ಅಪರೂಪ. ಜಿಬ್ಲಿಯ ಜಪಾನಿ ಬ್ಲೂ-ರೇಗಳು ಮಾತ್ರ ಈ ವಿಷಯದಲ್ಲಿ ಧಾರಾಳಿಗಳು.

ನಕಲಿ ಮಾಲಿನ ಹಾವಳಿಯೂ ಇದೆ. ಒಂದೇ ಡಿಸ್ಕಿನಲ್ಲಿ ಹತ್ತಾರು ಚಿತ್ರಗಳಿದ್ದು, ಸಬ್‌ಟೈಟಲಿನಲ್ಲಿ ಪಾತ್ರಗಳ ಹೆಸರೇ ದೃಶ್ಯದಿಂದ ದೃಶ್ಯಕ್ಕೆ ಬದಲಾಗುತ್ತಿದ್ದರೆ ಅನುಮಾನಿಸಬೇಕು. ಅಚ್ಚೊತ್ತಿದ ಅಸಲಿ ಡಿಸ್ಕಿನ ತಳ ಸಾಮಾನ್ಯವಾಗಿ ಬೆಳ್ಳಿ ಅಥವಾ ತಿಳಿ ಚಿನ್ನದ ಬಣ್ಣದ್ದಾಗಿದ್ದು, ನಡುವಿನ ತೂತಿನ ಸುತ್ತಲಿನ ಬಳೆಯಲ್ಲಿ ‘ಐಎಫ್‌ಪಿಐ’ (ಧ್ವನಿಮುದ್ರಣ ಉದ್ಯಮದ ಅಂತರರಾಷ್ಟ್ರೀಯ ಒಕ್ಕೂಟ) ಎಂಬ ಅಕ್ಷರಗಳೂ ಒಂದು ಸಂಕೇತವೂ ಸಣ್ಣದಾಗಿ ಕೊರೆದಿರುತ್ತವೆ. ದೀಪದ ಕೆಳಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಬರೆದ ಡಿಸ್ಕಿನ ತಳ ಸಾಮಾನ್ಯವಾಗಿ ನೇರಳೆ ಛಾಯೆಯದು.

ಇಷ್ಟೆಲ್ಲ ದಾಟಿ ಬಂದ ಡಿಸ್ಕು ಮತ್ತು ಟೇಪುಗಳಿಗೆ ಉಡುಪಿ, ಮಂಗಳೂರಿನ ಹವೆಯೇ ದೊಡ್ಡ ಶತ್ರು. ಮಳೆ ಸುರಿಯುವ ಆಟಿ ತಿಂಗಳಿನಲ್ಲಿ ಒಗೆದ ಬಟ್ಟೆ ಒಣಗದ ಊರಿನಲ್ಲಿ ವಿಎಚ್‌ಎಸ್ ಕ್ಯಾಸೆಟ್ ಒಣಗಿರಬೇಕೆಂದು ಬಯಸುವುದು ಕಷ್ಟ. ಕ್ಯಾಸೆಟ್ಟಿನ ಪಾರದರ್ಶಕ ಕಿಂಡಿಯಲ್ಲಿ ನೋಡಿದರೆ ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿಯ ಎಳೆಗಳಂತೆ ಬೂಸ್ಟು ಕಾಣುತ್ತದೆ. ಅದನ್ನು ಹಾಗೆಯೇ ವಿಸಿಆರಿಗೆ ತುರುಕಿದರೆ ಟೇಪನ್ನು ಓದುವ ಯಂತ್ರದ ಹೆಡ್ಡಿಗೂ ಬೂಸ್ಟು ಅಂಟಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟುಗಳೂ ಹಾಳಾಗುತ್ತವೆ. ಡಿಸ್ಕುಗಳು ಇದಕ್ಕಿಂತ ಗಟ್ಟಿಯಾದರೂ ಅಂಚಿನ ಅಂಟು ಬಿಟ್ಟರೆ ತೇವ ಒಳಹೊಕ್ಕು ಅಲ್ಯೂಮಿನಿಯಂ ಪದರ ಕೆಡುತ್ತದೆ, ಪ್ಲಾಸ್ಟಿಕ್ ಚೀಲಗಳು ಡಿಸ್ಕಿನ ಮೈಗೆ ಅಂಟಿಕೊಳ್ಳುತ್ತವೆ, ಒಳಗಿನ ಪುಸ್ತಿಕೆಯನ್ನು ಬೆಳ್ಳಿಹುಳ ತಿನ್ನುತ್ತದೆ. ಯಂತ್ರಗಳ ಕಥೆ ಇನ್ನೂ ಶೋಚನೀಯ. ಡಿವಿಡಿಗೂ ಮುಂಚಿನ ದೊಡ್ಡ ತಟ್ಟೆಗಳನ್ನು ಓಡಿಸುವ ಲೇಸರ್‌ಡಿಸ್ಕ್ ಪ್ಲೇಯರುಗಳ ತಯಾರಿಕೆಯನ್ನು ಪಯನೀರ್ ಕಂಪನಿ 2009ರಲ್ಲಿ ಕೈಬಿಟ್ಟಿತು, ವಿಸಿಆರ್ ತಯಾರಿಸುತ್ತಿದ್ದ ಫುನಾಯಿ ಕಂಪನಿ 2016ರಲ್ಲಿ ನಿಲ್ಲಿಸಿತು. ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ ಉಡುಪಿಯ ಬಸ್‌ನಿಲ್ದಾಣದ ಆಸುಪಾಸಿನಲ್ಲಾಗಲಿ ಸಿಡಿ ಅಂಗಡಿಗಳಿದ್ದ ಜಾಗಗಳಲ್ಲಿ ಈಗ ಮೊಬೈಲಿನ ಕವರು, ಚಾರ್ಜರುಗಳು ಮಾರಾಟವಾಗುತ್ತಿವೆ. ಒಬ್ಬೊಬ್ಬರೇ ತಮ್ಮ ಮನೆಗಳಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಕಾಪಾಡಿಕೊಂಡು ಬರುವುದಕ್ಕೂ ಒಂದು ಮಿತಿಯಿದೆ.

ಈ ಕಾರಣದಿಂದ ಗ್ರಂಥಾಲಯದ ಮಾತೆತ್ತಿದೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರ ಅನ್ವಯ ನಾವೆಲ್ಲ ಆಸ್ತಿ ತೆರಿಗೆಯೊಂದಿಗೆ ಶೇ. 6ರಷ್ಟು ಗ್ರಂಥಾಲಯ ಕರವನ್ನು ಕಟ್ಟುತ್ತಿದ್ದೇವೆ. ಅದರಲ್ಲಿ ಒಂದು ಮುಚ್ಚಿದ ಕಪಾಟು, ಎಲ್ಲ ರೀಜನ್‌ಗಳ ಡಿಸ್ಕುಗಳನ್ನು ಓಡಿಸುವ ಒಂದು ಪ್ಲೇಯರು, ದುರಸ್ತಿಯಾದ ಒಂದು ವಿಸಿಆರ್, ತೇವ ಹೀರುವ ಒಂದು ಯಂತ್ರ ಇವಿಷ್ಟನ್ನು ಮಂಗಳೂರಿನ ಬಾವುಟಗುಡ್ಡೆಯ ಕೇಂದ್ರ ಗ್ರಂಥಾಲಯದಲ್ಲೂ ಉಡುಪಿಯ ಜಿಲ್ಲಾ ಗ್ರಂಥಾಲಯದಲ್ಲೂ ಒದಗಿಸುವುದು ಅಸಾಧ್ಯದ ಮಾತಲ್ಲ. ಸಿನಿಮಾ ಎರವಲು ಕೊಟ್ಟರೆ ಕೃತಿಸ್ವಾಮ್ಯದ ತಕರಾರು ಬರುತ್ತದೆಂಬ ಅಳುಕು ಅಧಿಕಾರಿಗಳಿಗಿರಬಹುದು. 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯ 2(ಎಫ್‌ಎ) ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಕಾನೂನುಬದ್ಧವಾಗಿ ಪಡೆದ ಚಲನಚಿತ್ರದ ಪ್ರತಿಯನ್ನು ಲಾಭದ ಉದ್ದೇಶವಿಲ್ಲದ ಗ್ರಂಥಾಲಯ ಅಥವಾ ಶಿಕ್ಷಣ ಸಂಸ್ಥೆ ಲಾಭಕ್ಕಲ್ಲದೆ ಎರವಲು ಕೊಡುವುದು ‘ವಾಣಿಜ್ಯ ಬಾಡಿಗೆ’ಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅದೇ ಕಾಯ್ದೆಯ 52(1)(ಎನ್) ಕಲಮು, ಸಾರ್ವಜನಿಕ ಗ್ರಂಥಾಲಯದ ಬಳಿ ಡಿಜಿಟಲ್ ಅಲ್ಲದ ಪ್ರತಿಯಿದ್ದರೆ ಸಂರಕ್ಷಣೆಗಾಗಿ ಅದನ್ನು ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸಿಡಲು ಅವಕಾಶ ಕೊಡುತ್ತದೆ. ವಿಎಚ್‌ಎಸ್ ಕ್ಯಾಸೆಟ್ಟುಗಳಿಗೆ ಈ ಅವಕಾಶ ಚೆನ್ನಾಗಿ ಒಪ್ಪುತ್ತದೆ. ಡಿವಿಡಿ ತಾನೇ ಡಿಜಿಟಲ್ ಆದ್ದರಿಂದ ಅದಕ್ಕೆ ಹೊಂದುವುದಿಲ್ಲ, ಹಾಗಾಗಿ ಡಿವಿಡಿಯ ಮೂಲ ಪ್ರತಿಯನ್ನೇ ಜೋಪಾನವಾಗಿಡಬೇಕಾಗುತ್ತದೆ. ಸಭಾಂಗಣದಲ್ಲಿ ಜನರನ್ನು ಕೂರಿಸಿ ಪ್ರದರ್ಶಿಸುವುದು ಬೇರೆಯ ಸಂಗತಿ, ಅದಕ್ಕೆ ಹಕ್ಕುದಾರರ ಅನುಮತಿ ಬೇಕು. ನಾನು ಕೇಳುತ್ತಿರುವುದು ಪುಸ್ತಕದಂತೆ ಸಹಿ ಹಾಕಿ ಮನೆಗೆ ಒಯ್ದು ಮರಳಿಸುವ ವ್ಯವಸ್ಥೆಯನ್ನು.

ಧ್ವನಿ ಮತ್ತು ದೃಶ್ಯದ ದಾಖಲೆಗಳನ್ನು ಈ ಹವೆಯಲ್ಲಿ ಕಾಪಾಡುವ ಅನುಭವ ನಮ್ಮ ಊರಿಗೆ ಹೊಸದಲ್ಲ. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಯಕ್ಷಗಾನ, ಭೂತಾರಾಧನೆ, ಪಾಡ್ದನಗಳ ಧ್ವನಿಮುದ್ರಣ ಮತ್ತು ವಿಡಿಯೊ ದಾಖಲೆಗಳ ಸಂಗ್ರಹವನ್ನು ಕಟ್ಟಿದೆ. ‘ನಮ್ಮ ಜಾನಪದದ ದಾಖಲೆಯೆಲ್ಲಿ, ಜಪಾನಿನ ಕಾರ್ಟೂನೆಲ್ಲಿ’ ಎಂದು ಕೆಲವರು ಮೂಗು ಮುರಿಯಬಹುದು. ಮಹತ್ವದಲ್ಲಿ ಎರಡೂ ಒಂದೇ ಎಂದು ನಾನೂ ವಾದಿಸುವುದಿಲ್ಲ. ಆದರೆ ಟೇಪಿಗೆ ಹಿಡಿಯುವ ಬೂಸ್ಟು ಒಳಗಿರುವ ಕಲೆ ಯಾವುದೆಂದು ನೋಡುವುದಿಲ್ಲ. ಒಂದನ್ನು ಉಳಿಸಲು ಕಲಿತವರ ಸಲಹೆ ಇನ್ನೊಂದಕ್ಕೂ ಉಪಯೋಗಕ್ಕೆ ಬರುತ್ತದೆ. ಅನಿಮೇಷನ್ ಕಲಿಯುವ ವಿದ್ಯಾರ್ಥಿಗಳು ನಮ್ಮ ಎರಡೂ ಜಿಲ್ಲೆಗಳಲ್ಲಿದ್ದಾರೆ. ಕೈಯಿಂದ ಪಾರದರ್ಶಕ ಹಾಳೆಗಳ ಮೇಲೆ ಬಣ್ಣ ಹಚ್ಚಿ ಮಾಡಿದ 1980ರ ದಶಕದ ಚಿತ್ರವನ್ನು ಒಂದೊಂದೇ ಚೌಕಟ್ಟಾಗಿ ನಿಲ್ಲಿಸಿ ನೋಡಲು ಅವರಿಗೆ ಮೊಬೈಲಿನ ಮಸುಕು ಪ್ರತಿಗಿಂತ ಒಳ್ಳೆಯ ಡಿಸ್ಕು ಹೆಚ್ಚು ನೆರವಾಗುತ್ತದೆ.

ಗ್ರಂಥಾಲಯ ಇಲಾಖೆ ಮನಸ್ಸು ಮಾಡಿದರೆ ಡಿಸ್ಕುಗಳನ್ನು ಖರೀದಿಸುವ ಅಗತ್ಯ ಮೊದಲಿಗೆ ಬೀಳಲಾರದು. ಗಲ್ಫ್‌ನಿಂದಲೋ ಸಿಂಗಾಪುರದಿಂದಲೋ ಮರಳಿದ ಕುಟುಂಬಗಳ ಅಟ್ಟದ ಮೇಲೆ ಮಕ್ಕಳಿಗೆಂದು ತಂದ ಡಿಸ್ಕುಗಳ ಪೆಟ್ಟಿಗೆಗಳು ಇನ್ನೂ ಇವೆ. ನಾನೂ ನನ್ನ ಸಂಗ್ರಹದ ಒಂದು ಪಾಲನ್ನು ಕೊಡಲು ಸಿದ್ಧನಿದ್ದೇನೆ. ಹಾಗೆ ಕೊಡುವ ಮನಸ್ಸುಳ್ಳ ಓದುಗರಲ್ಲಿ ಒಂದು ವಿನಂತಿ: ನಕಲಿ ಡಿಸ್ಕುಗಳನ್ನು ದಯವಿಟ್ಟು ಬೇರೆ ಮಾಡಿ, ಏಕೆಂದರೆ ಅವು ಸೇರಿದರೆ ಗ್ರಂಥಾಲಯಕ್ಕೆ ಕಾನೂನಿನ ರಕ್ಷಣೆ ಇರುವುದಿಲ್ಲ. ಬೂಸ್ಟು ಹಿಡಿದ ಕ್ಯಾಸೆಟ್ಟನ್ನು ನೀವೇ ಒರೆಸಲು ಹೋಗದೆ ಪ್ರತ್ಯೇಕ ಚೀಲದಲ್ಲಿ ಕಟ್ಟಿಡಿ. ಡಬ್ಬಿ, ಒಳಗಿನ ಪುಸ್ತಿಕೆ, ಬೆನ್ನಿಗೆ ಸುತ್ತಿದ ಕಾಗದದ ಪಟ್ಟಿ ಯಾವುದನ್ನೂ ಎಸೆಯಬೇಡಿ, ಆವೃತ್ತಿ ಯಾವುದೆಂದು ತಿಳಿಯುವುದು ಅವುಗಳಿಂದಲೇ. ಹಳೆಯ ಪ್ಲೇಯರನ್ನು ಕೊಡುವುದಾದರೆ ಅದರ ರಿಮೋಟನ್ನೂ ಮರೆಯದೆ ಜೊತೆಗಿಡಿ, ಅದಿಲ್ಲದೆ ರೀಜನ್ ತೆರೆಯಲು ಬರುವುದಿಲ್ಲ.

ಇತಿ,
ಓರ್ವ ಓದುಗ
ಕಡಿಯಾಳಿ, ಉಡುಪಿ