ಗೇಟು ದಾಟಿಸಿದ ಎಲ್ಲರಿಗೂ ಶರಣು

ವಿಜಯಪುರದ ನಮ್ಮ ಬಡಾವಣೆಯ ಉದ್ಯಾನದೊಳಗೆ ಈ ವಾರದಿಂದ ಗಾಲಿಕುರ್ಚಿ ಯಾರೂ ಎತ್ತಿ ದಾಟಿಸದೆ ಹೋಗುತ್ತಿದೆ. ಅದಕ್ಕಾಗಿ ದುಡಿದವರಿಗೆಲ್ಲ ಮುಂಜಾನೆಯ ವಾಯುವಿಹಾರ ಬಳಗದ ಶರಣು ಶರಣಾರ್ಥಿ.

ಮೊದಲ ನಮಸ್ಕಾರ ಗವಂಡಿ ಕಾಕಾ ಅವರಿಗೆ. ಗೇಟಿನ ಮುಂದಿನ ಮೂರು ಮೆಟ್ಟಿಲು ಕೂಡಿ ಒಂದೂವರೆ ಅಡಿ ಎತ್ತರ. ಹಳೆಯ ಇಳಿಜಾರು ಅದನ್ನು ಐದೇ ಅಡಿಯಲ್ಲಿ ಏರುತ್ತಿತ್ತು. ಅಷ್ಟು ಕಡಿದಾದರೆ ಕುರ್ಚಿಯ ಮುಂದಿನ ಸಣ್ಣ ಗಾಲಿ ಮೇಲೆದ್ದು, ಕೂತವರು ಹಿಂದಕ್ಕೆ ಮಗುಚುತ್ತಾರೆ. ಒಂದಡಿ ಏರಿಗೆ ಹನ್ನೆರಡು ಅಡಿ ಉದ್ದ ಬೇಕು. ಹಾಗಾಗಿ ಹೊಸದು 18 ಅಡಿ, ಕಂಪೌಂಡಿನ ಗುಂಟ. ಮೇಲೆ, ಗೇಟಿನೆದುರು, ಐದಡಿ ಚೌಕದ ಸಮತಟ್ಟು. ಕುರ್ಚಿ ತಿರುಗಬೇಕಾದದ್ದು ಅಲ್ಲಿಯೇ.

"ಎರಿ ಭೂಮಿ ರೀ, ಹಂಗs ಕಾಂಕ್ರೀಟ್ ಹಾಕಿದ್ರ ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಗಿಗೆ ಬಿರಿತೈತಿ" ಎಂದು ಪಟ್ಟು ಹಿಡಿದು ಎರಡಡಿ ಕಪ್ಪು ಮಣ್ಣು ತೆಗೆಸಿದವರೂ ಅವರೇ. ಗುಂಡಿಗೆ ಆರಾರು ಇಂಚಿನ ಪದರವಾಗಿ ಗರಸು ಹಾಕಿಸಿ, ನೀರು ಹೊಡೆಸಿ, ದಿಮ್ಮಸು ಬಡಿಸಿದರು. ಬದಿಗೆ ನೀರು ನಿಂತರೆ ಎರಿ ಮತ್ತೆ ಉಬ್ಬೀತೆಂದು ಗಟಾರದ ಕಡೆ ಇಳಿವು ಕೊಟ್ಟರು. ನುಣುಪು ಫರಸಿ ಹಸಿಯಾದರೆ ಜಾರುತ್ತದೆ. ಅದರ ಬದಲು ಹಸಿ ಕಾಂಕ್ರೀಟಿನ ಮೇಲೆ ಕಸಬರಿಗೆಯನ್ನು ಅಡ್ಡಡ್ಡ ಎಳೆದಿದ್ದಾರೆ. ಕೈಯಾಡಿಸಿ ನೋಡಿ, ಆ ಸಣ್ಣ ಗೀರುಗಳೇ ಗಾಲಿಗೆ ಹಿಡಿತ.

ಬೈಕು, ದನ ತಡೆಯಲೆಂದು ಹಾಕಿದ್ದ ತಿರುಗು ಗೇಟು ಗಾಲಿಕುರ್ಚಿಯನ್ನೂ ಕೂಸಿನ ತಳ್ಳುಗಾಡಿಯನ್ನೂ ತಡೆದಿತ್ತು. ವೆಲ್ಡಿಂಗ್ ಅಣ್ಣಾವ್ರು ಅದನ್ನು ಕಿತ್ತು ಮೂರಡಿ ಅಂತರದಲ್ಲಿ ಕಂಬ ನೆಟ್ಟರು. ಮೂರಡಿಯಲ್ಲಿ ಬೈಕೂ ನುಗ್ಗುತ್ತದೆ, ನಿಜ. ಅಂತರ ಕಿರಿದು ಮಾಡಿದರೆ ಕುರ್ಚಿಯೂ ಹೊರಗೇ ಉಳಿಯುತ್ತದೆ. ಆದ್ದರಿಂದ 5:30ರಿಂದ 8ರವರೆಗೆ ಪಾಳಿ ಹಚ್ಚಿಕೊಂಡು ಗೇಟಿನಲ್ಲಿ ನಿಲ್ಲುವ ಹುಡುಗರ ಋಣ ನಮ್ಮ ಮೇಲೆ ದೊಡ್ಡದು.

ಅರ್ಜಿ ಬರೆದುಕೊಟ್ಟ ವಕೀಲ ಅಕ್ಕಾವ್ರಿಗೂ ವಂದನೆ. ಬರೀ "ಅನುಕೂಲ ಮಾಡಿಕೊಡಿ" ಎಂದು ಬರೆದರೆ ಕಡತ ಮುಂದೆ ಹೋಗುವುದಿಲ್ಲ. ಎಂಜಿನಿಯರರಿಗೆ ಎಸ್ಟಿಮೇಟ್ ಮಾಡಲು ಅಳತೆ ಬೇಕು. ಅಕ್ಕಾವ್ರು ಟೇಪು ಹಿಡಿದು ಎತ್ತರ, ಉದ್ದ, ಗೇಟಿನ ಅಗಲ ಬರೆದು, ಫೋಟೊ ಹಚ್ಚಿ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಉಲ್ಲೇಖಿಸಿದರು. ಕತ್ತಲು ಮೂಲೆಗೆ ದೀಪ ಹಾಕಿಸಿ, ಸಂಜೆ ಹೆಣ್ಣುಮಕ್ಕಳು ಅಂಜದೆ ನಡೆಯುವಂತೆ ಕಂಟಿ ಸವರಿಸಿದ ಪಾಲಿಕೆ ಸಿಬ್ಬಂದಿಗೆ ಧನ್ಯವಾದ.

ಚೆಂಡು ನಡಿಗೆಯ ಹಾದಿಗೆ ಬರದಂತೆ ಪಿಚ್ಚಿನ ದಿಕ್ಕನ್ನೇ ಬದಲಿಸಿಕೊಂಡ ಟೆನಿಸ್ ಬಾಲ್ ಹುಡುಗರೇ, ನಿಮ್ಮನ್ನು ಹೊರಗೆ ಹಾಕಿಸಬೇಕೆಂಬ ಮಾತೂ ಇಲ್ಲಿ ಬಂದಿತ್ತು. ಅದು ತಪ್ಪು. ಉದ್ಯಾನ ನಿಮ್ಮದೂ ಹೌದು.

ಕೈ ಹಿಡಿಯುವ ಪೈಪು ಇನ್ನೂ ಬಾಕಿ: ಎರಡೂವರೆ ಅಡಿ ಎತ್ತರಕ್ಕೊಂದು, ಮೂರಡಿ ಎತ್ತರಕ್ಕೊಂದು. ಒಂದು ಮಾತು ಮಾತ್ರ, ಇಳಿಜಾರಿನ ಬಾಯಿಗೆ ಗಾಡಿ ಹಚ್ಚಬ್ಯಾಡ್ರಿ.