ಎನ್.ಎಫ್.ಎಲ್. ರಕ್ತಪರೀಕ್ಷೆಯಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೊಂದು ಪತ್ರ

ಹಾಸನ

ಮಾನ್ಯ ಗ್ರಾಹಕರೇ,

ವಿಷಯ: ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಎನ್.ಎಫ್.ಎಲ್. ಪರೀಕ್ಷೆಯ ಮಾದರಿ ಮತ್ತು ವರದಿಯ ಬದಲಾವಣೆ ಕುರಿತು.

ಬರುವ ತಿಂಗಳ 1ನೇ ತಾರೀಖಿನಿಂದ, ಮಿದುಳು-ಬೆನ್ನುಹುರಿಯ ನರತಂತುಗಳಿಗೆ ಹಾನಿ ಮಾಡುವ ರೋಗವಾದ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಇರುವವರಿಗಾಗಿ ನಾವು ಬೆಂಗಳೂರಿಗೆ ಕಳುಹಿಸುವ ನ್ಯೂರೋಫಿಲಮೆಂಟ್ ಲೈಟ್ ಚೈನ್ (ಎನ್.ಎಫ್.ಎಲ್.) ಪರೀಕ್ಷೆಯನ್ನು ಪ್ಲಾಸ್ಮಾದ (ಹೆಪ್ಪುಗಟ್ಟದಂತೆ ತಡೆದ ರಕ್ತದ ದ್ರವಭಾಗ) ಬದಲು ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ), ತೀರಾ ಕಡಿಮೆ ಪ್ರಮಾಣವನ್ನೂ ಅಳೆಯಬಲ್ಲ ಸಿಮೋವಾ ಎಂಬ ತಂತ್ರದಿಂದ ಮಾಡಿಸಲಾಗುತ್ತದೆ. ಹೀಗಾಗಿ ಇದುವರೆಗಿನ ವರದಿಗಳ ಸಂಖ್ಯೆಯನ್ನು ಹೊಸ ವರದಿಯ ಸಂಖ್ಯೆಯೊಂದಿಗೆ ನೇರವಾಗಿ ಹೋಲಿಸುವಂತಿಲ್ಲ. ಒಬ್ಬರದೇ ರಕ್ತವನ್ನು ಒಂದೇ ಹೊತ್ತಿನಲ್ಲಿ ತೆಗೆದರೂ ಸೀರಂನಲ್ಲಿ ಈ ಅಂಶ ಪ್ಲಾಸ್ಮಾಕ್ಕಿಂತ ತುಸು ಹೆಚ್ಚಾಗಿಯೇ ಕಾಣುತ್ತದೆ. ಯಂತ್ರ ಬದಲಾದರೂ ಅಂಕಿ ಬದಲಾಗುತ್ತದೆ. ಆದ್ದರಿಂದ ಹೊಸ ಸಂಖ್ಯೆ ಹಳೆಯದಕ್ಕಿಂತ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ರೋಗ ಉಲ್ಬಣಿಸಿದೆ ಎಂದು ದಯವಿಟ್ಟು ಭಾವಿಸಬೇಡಿ. ಹೊಸ ವಿಧಾನದ ಮೊದಲ ವರದಿಯೇ ಮುಂದಿನ ಹೋಲಿಕೆಗೆ ಬುನಾದಿ.

ಈ ಪರೀಕ್ಷೆ ಏನನ್ನು ಅಳೆಯುತ್ತದೆ ಎಂದು ಅನೇಕರು ಕೇಳುತ್ತಾರೆ. ನ್ಯೂರೋಫಿಲಮೆಂಟ್ ಎಂಬುದು ನರತಂತುಗಳ ಒಳಗೆ ಆಸರೆ ಕಟ್ಟಿದಂತೆ ನಿಂತಿರುವ ಪ್ರೋಟೀನು. ತಂತು ಹಾನಿಗೊಂಡಾಗ ಅದರ ಅಂಶ ಮಿದುಳು-ಬೆನ್ನುಹುರಿಯ ದ್ರವಕ್ಕೂ, ಅಲ್ಲಿಂದ ತೀರಾ ಸ್ವಲ್ಪ ರಕ್ತಕ್ಕೂ ಬರುತ್ತದೆ. ರಕ್ತದಲ್ಲಿ ಅದು ಪಿಕೋಗ್ರಾಂ ಲೆಕ್ಕದಲ್ಲಿ ಮಾತ್ರ ಇರುತ್ತದೆ, ಅಂದರೆ ಗ್ರಾಂನ ಲಕ್ಷ ಕೋಟಿಯಲ್ಲೊಂದು ಭಾಗದ ಲೆಕ್ಕ. ಇಷ್ಟು ಕಡಿಮೆ ಪ್ರಮಾಣವನ್ನು ನಂಬುವಂತೆ ಅಳೆಯಲು ಬಹುಕಾಲ ಸಾಧ್ಯವಾಗಿರಲಿಲ್ಲ. ಸಿಮೋವಾದಂತಹ ತಂತ್ರಗಳು ಬಂದ ಮೇಲಷ್ಟೇ, ಬೆನ್ನಿನಿಂದ ದ್ರವ ತೆಗೆಯದೆ ತೋಳಿನ ರಕ್ತದಿಂದಲೇ ನೋಡುವುದು ಸಾಧ್ಯವಾಯಿತು.

ಎಂ.ಎಸ್. ಮರುಕಳಿಸಿದಾಗ ಅಥವಾ ಮಿದುಳಿನಲ್ಲಿ ಹೊಸ ಉರಿಯೂತ ಎದ್ದಾಗ ಈ ಅಂಶ ಏರಿ, ಕೆಲವು ವಾರಗಳಿಂದ ತಿಂಗಳುಗಳಲ್ಲಿ ಇಳಿಯುತ್ತದೆ. ಪರಿಣಾಮಕಾರಿ ಔಷಧ ಆರಂಭಿಸಿದ ಮೇಲೂ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಅದು ಎಂ.ಎಸ್.ಗೆ ಮಾತ್ರ ಸೇರಿದ್ದಲ್ಲ: ತಲೆಗೆ ಪೆಟ್ಟು, ಪಾರ್ಶ್ವವಾಯು, ಕೈಕಾಲುಗಳ ನರದೌರ್ಬಲ್ಯ, ಮೂತ್ರಪಿಂಡದ ತೊಂದರೆ ಇದ್ದರೂ ಏರಬಹುದು. ವಯಸ್ಸಾದಂತೆ ತಾನಾಗಿಯೇ ಹೆಚ್ಚುತ್ತದೆ, ದೇಹದ ತೂಕ ಹೆಚ್ಚಿರುವವರಲ್ಲಿ ಕಡಿಮೆ ಕಾಣುತ್ತದೆ. ಮೂವತ್ತರ ಹರೆಯದವರಿಗೆ ಹೆಚ್ಚೆನಿಸುವ ಸಂಖ್ಯೆ ಅರವತ್ತರವರಿಗೆ ಸಹಜವಾಗಿರಬಹುದು.

ಇದಕ್ಕಾಗಿಯೇ ವರದಿಯಲ್ಲಿ ಇನ್ನು ಮುಂದೆ ಬರಿಯ ಅಂಕಿಯ ಪಕ್ಕದಲ್ಲಿ, ವಯಸ್ಸು ಮತ್ತು ಎತ್ತರ-ತೂಕಕ್ಕೆ ಹೊಂದಿಸಿದ ಸ್ಥಾನವೂ (ಅಂಥದೇ ವಯಸ್ಸು, ಎತ್ತರ-ತೂಕದ, ಎಂ.ಎಸ್. ಇಲ್ಲದವರ ನಡುವೆ ನಿಮ್ಮ ಸಂಖ್ಯೆ ಎಲ್ಲಿ ನಿಲ್ಲುತ್ತದೆ ಎಂಬುದು) ಮುದ್ರಿತವಾಗಿರುತ್ತದೆ. ಇದರ ಆಧಾರ 2022ರಲ್ಲಿ ಪ್ರಕಟವಾದ, ಎಂ.ಎಸ್. ಇಲ್ಲದ ಐದು ಸಾವಿರಕ್ಕೂ ಹೆಚ್ಚು ಜನರ ಮಾದರಿಗಳಿಂದ ರೂಪಿಸಿದ ಪಟ್ಟಿ. ಆ ಜನರು ಬಹುಪಾಲು ಯುರೋಪ್ ಮತ್ತು ಅಮೆರಿಕದವರು ಎಂಬುದನ್ನು ನೆನಪಿನಲ್ಲಿಡಬೇಕು; ನಮ್ಮ ಅಭಿಪ್ರಾಯದಲ್ಲಿ ಪಟ್ಟಿಯ ಸ್ಥಾನಕ್ಕಿಂತ, ಒಬ್ಬರದೇ ಸಂಖ್ಯೆ ಕಾಲಕ್ರಮದಲ್ಲಿ ಏರುತ್ತಿದೆಯೇ, ಇಳಿಯುತ್ತಿದೆಯೇ ಎಂಬುದು ಹೆಚ್ಚು ಉಪಯುಕ್ತ. ಎತ್ತರ-ತೂಕವನ್ನು ನಮ್ಮ ಕೌಂಟರಿನಲ್ಲೇ ನೋಡಿ ಬರೆದುಕೊಳ್ಳುತ್ತೇವೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಇತ್ತೀಚೆಗೆ ಬಿದ್ದು ತಲೆಗೆ ಏಟಾಗಿದ್ದರೆ ಅದನ್ನೂ ಮರೆಯದೆ ತಿಳಿಸಿ.

ಎಂ.ಆರ್.ಐ. ಬದಲಿಗೆ ಈ ಪರೀಕ್ಷೆ ಸಾಕೇ ಎಂದು ಮೂಡಿಗೆರೆ, ಸಕಲೇಶಪುರದ ಕಡೆಯ ಗ್ರಾಹಕರು ಕೇಳುವುದುಂಟು. ಅಷ್ಟು ದೂರದಿಂದ ಸ್ಕ್ಯಾನಿಗೆ ಓಡಾಡುವ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಸಾಕಾಗುವುದಿಲ್ಲ. ಸಂಖ್ಯೆ ಸಹಜವಾಗಿದ್ದಾಗಲೂ ಸ್ಕ್ಯಾನಿನಲ್ಲಿ ಹೊಸ ಗಾಯ ಕಾಣಬಹುದು, ನಿಧಾನವಾಗಿ ಬೆಳೆಯುವ ರೋಗವಂತೂ ಇದರಲ್ಲಿ ಸ್ಪಷ್ಟವಾಗಿ ತೋರದೇ ಇರಬಹುದು. ಅಂಥ ನಿಧಾನದ ಬೆಳವಣಿಗೆಗೆ ಮಿದುಳಿನ ಆಸರೆ ಕೋಶಗಳಿಂದ ಬರುವ ಜಿ.ಎಫ್.ಎ.ಪಿ. ಎಂಬ ಇನ್ನೊಂದು ಪ್ರೋಟೀನನ್ನು ಸಂಶೋಧಕರು ಪರಿಶೀಲಿಸುತ್ತಿದ್ದಾರೆ. ಅದನ್ನು ನಾವು ಸದ್ಯಕ್ಕೆ ತೆಗೆದುಕೊಳ್ಳುತ್ತಿಲ್ಲ. ವರದಿ ಕೈಗೆ ಬಂದ ಕೂಡಲೇ ಔಷಧ ನಿಲ್ಲಿಸುವುದಾಗಲಿ, ಬದಲಿಸುವುದಾಗಲಿ ಮಾಡದೆ ನಿಮ್ಮ ನರರೋಗ ತಜ್ಞರಿಗೆ ಮೊದಲು ತೋರಿಸಿ. ಈ ಕಾರಣದಿಂದಲೇ ತಜ್ಞರ ಚೀಟಿ ಇದ್ದರೆ ಮಾತ್ರ ಇನ್ನು ಮಾದರಿ ಪಡೆಯುತ್ತೇವೆ.

ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿಲ್ಲ. ರಕ್ತ ಹೆಪ್ಪುಗಟ್ಟಿದ ಮೇಲೆ ಸೀರಂ ಬೇರ್ಪಡಿಸಿ, ಶೀತಲಗೊಳಿಸಿ ಕಳುಹಿಸಬೇಕಾದ್ದರಿಂದ ಮಧ್ಯಾಹ್ನದೊಳಗೆ ಬಂದರೆ ಅನುಕೂಲ. ಮನೆಗೆ ಬಂದು ಮಾದರಿ ಪಡೆಯುವ ಸೇವೆ ಆಲೂರು, ಬೇಲೂರು, ಸಕಲೇಶಪುರಗಳಿಗೆ ಎಂದಿನಂತೆ ಇದ್ದು, ದರದಲ್ಲಿ ಬದಲಾವಣೆ ಇಲ್ಲ. ಹಳೆಯ ವರದಿಗಳನ್ನು ಎಸೆಯದೆ ತಜ್ಞರ ಬಳಿಗೆ ಹೋಗುವಾಗ ಜೊತೆಯಲ್ಲೇ ಒಯ್ಯಿರಿ. ಯಾವುದು ಯಾವ ವಿಧಾನದ್ದೆಂದು ಅವುಗಳ ಮೇಲೆ ಬರೆಸಿಕೊಳ್ಳಲು ಬೇಕಾದರೆ ಕೌಂಟರಿಗೆ ತನ್ನಿ.

ಇಂತಿ ತಮ್ಮ ವಿಶ್ವಾಸಿಗಳು,
ವ್ಯವಸ್ಥಾಪಕರು ಮತ್ತು ಸಿಬ್ಬಂದಿ